ನೋಡದ ಬಿಲ್ಲಿಗೆ ‘ಪರಿಶೀಲಿಸಿದೆ’ ಎಂದು ಬರೆಯಲು ಹೇಳಿದರೆ ಏನು ಮಾಡಬೇಕು? ಆಡಿಟ್ ಆರ್ಟಿಕಲ್‌ಗಳು, ಸೀನಿಯರ್‌ಗಳು ದಯವಿಟ್ಟು ಹೇಳಿ

ತುಂಗಾತೀರದವನು | ಮೇ 9, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನನ್ನ ಊರು ತೀರ್ಥಹಳ್ಳಿಯ ಹತ್ತಿರ. ಸಿಎ ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾಗಿ, ಹತ್ತು ತಿಂಗಳ ಹಿಂದೆ ಬೆಂಗಳೂರಿನ ಒಂದು ದೊಡ್ಡ ಆಡಿಟ್ (ಲೆಕ್ಕಪರಿಶೋಧನೆ) ಫರ್ಮಿನಲ್ಲಿ ಆರ್ಟಿಕಲ್ (ಸಿಎ ತರಬೇತಿ ವಿದ್ಯಾರ್ಥಿ) ಆಗಿ ಸೇರಿದೆ. ಫರ್ಮಿನ ಹೆಸರನ್ನಾಗಲಿ ಕ್ಲೈಂಟ್ ಹೆಸರನ್ನಾಗಲಿ ಬರೆಯುವುದಿಲ್ಲ, ಕೇಳಬೇಡಿ. ನಮ್ಮ ಕಡೆ ಸಿಎ ಓದಿದವರು ಯಾರೂ ಇಲ್ಲ. ಅಪ್ಪನಿಗೆ ಅಡಿಕೆ ಮಂಡಿಯ ಲೆಕ್ಕ ಬಿಟ್ಟರೆ ಬೇರೆ ಲೆಕ್ಕದ ಪರಿಚಯವಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಈಗ ಒಂದು ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಯ ವರ್ಷಾಂತ್ಯದ ಆಡಿಟ್ ನಡೆಯುತ್ತಿದೆ. ಕಾರ್ಖಾನೆ ಇರುವುದು ಬೊಮ್ಮಸಂದ್ರದಲ್ಲಿ. ಕಿಟಕಿಯಿಲ್ಲದ ಮೀಟಿಂಗ್ ಕೋಣೆಯಲ್ಲಿ ನಾವು ಐದು ಜನ, ಐದು ಲ್ಯಾಪ್‌ಟಾಪ್, ನೆಲದ ಮೇಲೆಲ್ಲ ಎಕ್ಸ್‌ಟೆನ್ಷನ್ ವಯರು. ನನಗೆ ಕೊಟ್ಟಿರುವುದು ದುರಸ್ತಿ ಮತ್ತು ನಿರ್ವಹಣಾ ವೆಚ್ಚ. ಲೆಡ್ಜರಿನಿಂದ 40 ಸ್ಯಾಂಪಲ್ ಆರಿಸಿ, ಒಂದೊಂದಕ್ಕೂ ಬಿಲ್ಲು, ಮಂಜೂರಾತಿ, ಕೆಲಸ ಮುಗಿದ ದಿನಾಂಕ, ಪಾವತಿ ಇವಿಷ್ಟನ್ನೂ ನೋಡಿ ಶೀಟಿನಲ್ಲಿ ಗುರುತು ಹಾಕಬೇಕು. 31 ಬಿಲ್ಲು ಬಂದಿವೆ. 9 ಬಂದಿಲ್ಲ. ಅಕೌಂಟ್ಸ್ ವಿಭಾಗಕ್ಕೆ ನಾಲ್ಕು ಬಾರಿ ಮೇಲ್ ಮಾಡಿದೆ, ಎರಡು ಬಾರಿ ಅವರ ಮೇಜಿನ ಮುಂದೆ ಹೋಗಿ ನಿಂತೆ. ಪ್ರತಿ ಸಲವೂ ‘ನಾಳೆ ಕೊಡುತ್ತೇವೆ’ ಎನ್ನುವ ಉತ್ತರ.

20ನೇ ತಾರೀಖು ಬೋರ್ಡ್ ಮೀಟಿಂಗ್. ಇವತ್ತು ಸಂಜೆ ಸೀನಿಯರ್ ನನ್ನ ಶೀಟ್ ತೆರೆದು ನೋಡಿ, ‘9 ಸಾಲು ಖಾಲಿ ಇಟ್ಟುಕೊಂಡು ಮ್ಯಾನೇಜರ್‌ಗೆ ಹೇಗೆ ಕಳಿಸಲಿ? ಎಲ್ಲಕ್ಕೂ ಟಿಕ್ ಹಾಕಿಬಿಡು. ಬಿಲ್ಲು ಆಮೇಲೆ ಬರುತ್ತದೆ. ಫೈಲ್ ಮುಚ್ಚಲು ಹೇಗೂ 60 ದಿನ ಇದೆ’ ಎಂದರು. ಅವರು ಕೆಟ್ಟವರಲ್ಲ. ಸೇರಿದ ಮೊದಲ ವಾರ ಪಕ್ಕದಲ್ಲಿ ಕೂರಿಸಿಕೊಂಡು ಟ್ರಯಲ್ ಬ್ಯಾಲೆನ್ಸ್ ಓದುವುದನ್ನು ಹೇಳಿಕೊಟ್ಟವರೇ ಅವರು. ಹಾಗಾಗಿಯೇ ಇಲ್ಲ ಎನ್ನಲು ಬಾಯಿ ಬರಲಿಲ್ಲ. ‘ಆಯಿತು’ ಎಂದೆ, ಆದರೆ ಟಿಕ್ ಹಾಕದೆ ಲ್ಯಾಪ್‌ಟಾಪ್ ಮುಚ್ಚಿಕೊಂಡು ಬಂದೆ.

ನಾಳೆ ಬೆಳಿಗ್ಗೆ ಹತ್ತಕ್ಕೆ ಮತ್ತೆ ಅದೇ ಕೋಣೆ. ಏನು ಮಾಡಲಿ?

ವಾಸ್ತವವಾದಿ | ಮೇ 9, ರಾತ್ರಿ 11:58

ಟಿಕ್ ಹಾಕಿ ಮಲಗಿ. ಒಂಬತ್ತು ದುರಸ್ತಿ ಬಿಲ್ಲುಗಳಿಂದ ಯಾವ ಕಂಪನಿಯೂ ಮುಳುಗುವುದಿಲ್ಲ. ಎರಡು ವರ್ಷ ಹೇಗೋ ಕಳೆದು ಸರ್ಟಿಫಿಕೇಟ್ ತೆಗೆದುಕೊಂಡು ಹೊರಬರಬೇಕು. ಮಧ್ಯದಲ್ಲಿ ಮನಸ್ತಾಪವಾದರೆ ಬೇರೆ ಕಡೆ ಟ್ರಾನ್ಸ್‌ಫರ್ ತೆಗೆದುಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಪ್ರಿನ್ಸಿಪಾಲ್ (ತರಬೇತಿ ಕೊಡುವ ಸಿಎ) ಒಪ್ಪಿಗೆ ಇಲ್ಲದೆ ಅದಕ್ಕೆ ಬೇಕಾದ ಫಾರ್ಮ್ 109 ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ.

ಹುಬ್ಬಳ್ಳಿಯ ಲೆಕ್ಕಿಗ | ಮೇ 10, ಬೆಳಿಗ್ಗೆ 6:15

ತುಂಗಾತೀರದ ತಮ್ಮಾ, ಹತ್ತು ಗಂಟೆಯೊಳಗೆ ನೀವು ಓದಲಿ ಎಂದು ಎದ್ದ ಕೂಡಲೇ ಬರೆಯುತ್ತಿದ್ದೇನೆ. ಹದಿನೇಳು ವರ್ಷದಿಂದ ಪ್ರಾಕ್ಟೀಸಿನಲ್ಲಿದ್ದೇನೆ. ಟಿಕ್ ಹಾಕಬೇಡಿ.

ಮೊದಲು ಆ 60 ದಿನದ ವಿಷಯ. ನಿಮ್ಮ ಸೀನಿಯರ್ ಅದನ್ನು ತಪ್ಪಾಗಿ ತಿಳಿದುಕೊಂಡಿದ್ದಾರೆ. ಅವರಂತೆ ತಿಳಿದವರು ಬಹಳ ಜನ ಇದ್ದಾರೆ. ಎಸ್‌ಎ 230 (ಎಸ್‌ಎ ಎಂದರೆ ಆಡಿಟ್ ಮಾನದಂಡ) ಹೇಳುವುದು ಇಷ್ಟು: ಆಡಿಟ್ ವರದಿಯ ದಿನಾಂಕದಿಂದ ಸಾಮಾನ್ಯವಾಗಿ 60 ದಿನದೊಳಗೆ ಕಡತವನ್ನು ಜೋಡಿಸಿ ಮುಗಿಸಬೇಕು. ಹಳೆಯ ಕರಡು ತೆಗೆದುಹಾಕುವುದು, ಪುಟಗಳಿಗೆ ಅಡ್ಡ ಉಲ್ಲೇಖ ಕೊಡುವುದು, ವರದಿಗೆ ಮೊದಲೇ ಕೈಗೆ ಬಂದಿದ್ದ ಪುರಾವೆಯನ್ನು ಅದರ ಜಾಗದಲ್ಲಿ ಸೇರಿಸುವುದು, ಇಂಥ ಕೆಲಸಕ್ಕೆ ಆ ಅವಧಿ. ಹೊಸ ಪರಿಶೀಲನೆ ಮಾಡಲು, ಹೊಸ ತೀರ್ಮಾನಕ್ಕೆ ಬರಲು ಅಲ್ಲ. ವರದಿಗೆ ಸಹಿ ಬೀಳುವ ದಿನ ನಿಮ್ಮ ಕೈಯಲ್ಲಿ ಪುರಾವೆ ಇರಬೇಕು. ಇರಲಿಲ್ಲವೆಂದರೆ ಇರಲಿಲ್ಲ, ಅಷ್ಟೇ.

ಎರಡನೆಯದು ಸ್ಯಾಂಪಲ್ ವಿಷಯ. ಎಸ್‌ಎ 530 ತೆಗೆದು ಓದಿ. ಆರಿಸಿದ ಸ್ಯಾಂಪಲ್‌ಗೆ ಉದ್ದೇಶಿಸಿದ ಪರಿಶೀಲನೆಯನ್ನಾಗಲಿ ಅದಕ್ಕೆ ತಕ್ಕ ಪರ್ಯಾಯ ಪರಿಶೀಲನೆಯನ್ನಾಗಲಿ ಮಾಡಲು ಆಗದಿದ್ದರೆ, ಅದನ್ನು ತಪ್ಪು ಎಂದೇ ಎಣಿಸಬೇಕು. ‘ಬಾಕಿ ಇದೆ’ ಎಂಬ ಮೂರನೆಯ ಗುಂಪಿಗೆ ಅಲ್ಲಿ ಜಾಗವಿಲ್ಲ. ಆ ಬಿಲ್ಲು ಸಿಗಲಿಲ್ಲವೆಂದು ಸುಲಭವಾಗಿ ಸಿಗುವ ಇನ್ನೊಂದನ್ನು ಅದರ ಜಾಗಕ್ಕೆ ತರುವಂತೆಯೂ ಇಲ್ಲ. ವಾಸ್ತವವಾದಿಯವರು ಒಂಬತ್ತು ಬಿಲ್ಲಿಗೆ ಕಂಪನಿ ಮುಳುಗುವುದಿಲ್ಲ ಎಂದರು. ಆ ಒಂಬತ್ತು ಬಿಲ್ಲು ಬರೀ ಒಂಬತ್ತಲ್ಲ. 40 ಬಿಲ್ಲು ನೋಡಿ ಇಡೀ ಲೆಡ್ಜರಿನ ಬಗ್ಗೆ ಮಾತಾಡುತ್ತೀರಿ, ಸ್ಯಾಂಪಲ್‌ನಲ್ಲಿ ಸಿಕ್ಕ ತಪ್ಪನ್ನು ಇಡೀ ಮೊತ್ತಕ್ಕೆ ಹಿಗ್ಗಿಸಿ ನೋಡುತ್ತೀರಿ. 40ರಲ್ಲಿ 9 ಎಂದರೆ ಎಷ್ಟಾಯಿತು ಎಂದು ನೀವೇ ಲೆಕ್ಕ ಹಾಕಿ.

ಮೂರನೆಯದು ನಿಮ್ಮ ಬಗ್ಗೆ. ದೊಡ್ಡ ಫರ್ಮಿನ ವರ್ಕಿಂಗ್ ಪೇಪರ್ ಈಗೆಲ್ಲ ಸಾಫ್ಟ್‌ವೇರಿನಲ್ಲಿದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ ಗುರುತು ಹಾಕಿದರು ಎನ್ನುವುದು ಅಲ್ಲೇ ಉಳಿಯುತ್ತದೆ. ಅಲ್ಲಿ ಇರುವುದು ಸೀನಿಯರ್ ಹೆಸರಲ್ಲ, ನಿಮ್ಮದು. 2018ರಲ್ಲಿ ಆಡಿಟರ್‌ಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಪ್ರಾಧಿಕಾರ ಎನ್‌ಎಫ್‌ಆರ್‌ಎ ಬಂದ ಮೇಲೆ ಲಿಸ್ಟೆಡ್ ಕಂಪನಿಗಳ ಆಡಿಟ್ ಕಡತಗಳನ್ನು ಹೊರಗಿನವರು ತೆರೆದು ಓದುತ್ತಾರೆ. ಪ್ರಾಧಿಕಾರದ ಆದೇಶಗಳು ಅದರ ಜಾಲತಾಣದಲ್ಲೇ ಇವೆ, ಬಿಡುವಾದಾಗ ಎರಡನ್ನು ಓದಿ ನೋಡಿ. ಕಡತದಲ್ಲಿ ಏನು ಬರೆದಿತ್ತು, ಏನು ಬರೆದಿರಲಿಲ್ಲ ಎನ್ನುವುದರ ಮೇಲೆಯೇ ಪುಟಗಟ್ಟಲೆ ಚರ್ಚೆ ಇರುತ್ತದೆ.

ಇವತ್ತು ಹೀಗೆ ಮಾಡಿ. 31 ಸಾಲಿಗೆ ಏನು ನೋಡಿದಿರೋ ಅದನ್ನು ಬರೆಯಿರಿ. 9 ಸಾಲಿಗೆ ‘ದಾಖಲೆ ಕೇಳಿದ್ದು ಇಂಥ ದಿನ, ಇಲ್ಲಿಯವರೆಗೆ ಸಿಕ್ಕಿಲ್ಲ’ ಎಂದು ಬರೆಯಿರಿ. ಒಂಬತ್ತರ ಒಟ್ಟು ಮೊತ್ತವನ್ನು ಕೆಳಗೆ ಹಾಕಿ. ಆಮೇಲೆ ಸೀನಿಯರ್ ಹತ್ತಿರ ಹೋಗಿ, ‘ಇವಿಷ್ಟು ಬಾಕಿ ಇವೆ, ಮೊತ್ತ ಇಷ್ಟಾಗುತ್ತದೆ, ಬೇರೆ ದಾಖಲೆಯಿಂದ ನೋಡಬಹುದೇ ಎಂದು ಪ್ರಯತ್ನ ಮಾಡುತ್ತೇನೆ’ ಎನ್ನಿ. ಆಗುವುದಿಲ್ಲ ಎನ್ನಬೇಡಿ, ಮಾಡುತ್ತೇನೆ ಎನ್ನಿ. ಮಾತು ಮುಗಿದ ಮೇಲೆ ಅದನ್ನೇ ನಾಲ್ಕು ಸಾಲಿನ ಮೇಲ್ ಮಾಡಿ ಕಳಿಸಿ.

ಗಿರಿನಗರದ ಶಾರದೆ | ಮೇ 10, ಬೆಳಿಗ್ಗೆ 7:05

ಲೆಕ್ಕಿಗ ಸರ್ ಹೇಳಿದ ಪರ್ಯಾಯ ದಾಖಲೆಗೆ ಒಂದಿಷ್ಟು ಸೇರಿಸುತ್ತೇನೆ. ಕೆಲಸ ಮಾಡಿದವರು ಜಿಎಸ್‌ಟಿ ನೋಂದಣಿ ಇರುವ ಗುತ್ತಿಗೆದಾರರಾಗಿದ್ದರೆ ಅವರ ಬಿಲ್ಲು ಕಂಪನಿಯ ಜಿಎಸ್‌ಟಿಆರ್-2ಬಿಯಲ್ಲಿ (ಖರೀದಿಗಳ ಜಿಎಸ್‌ಟಿ ಪಟ್ಟಿ) ಕಾಣಬೇಕು. ಅದು ಕಂಪನಿ ತಾನೇ ಬರೆದುಕೊಂಡದ್ದಲ್ಲ, ಎದುರಿನವರು ಸಲ್ಲಿಸಿದ ವಿವರ. ಆದ್ದರಿಂದ ಅದಕ್ಕೆ ತೂಕ ಹೆಚ್ಚು. ಹಣ ಹೋಗಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ. ಕೆಲಸ ನಿಜವಾಗಿ ನಡೆಯಿತೇ ಎನ್ನುವುದಕ್ಕೆ ನಿರ್ವಹಣಾ ವಿಭಾಗದ ಜಾಬ್ ಕಾರ್ಡ್ (ಒಂದೊಂದು ಕೆಲಸದ ದಾಖಲೆ ಚೀಟಿ), ಗೇಟಿನಲ್ಲಿ ಗುತ್ತಿಗೆ ಕೆಲಸಗಾರರ ಹಾಜರಿ ಪುಸ್ತಕ ಕೇಳಿ. ಅಕೌಂಟ್ಸ್ ವಿಭಾಗದ ಬಾಗಿಲಲ್ಲೇ ನಿಂತಿರಬೇಡಿ. ಬಿಲ್ಲು ಹುಟ್ಟುವ ಜಾಗಕ್ಕೆ ಹೋಗಿ, ಅಂದರೆ ಕಾರ್ಖಾನೆಯ ಒಳಗೆ.

ಒಂದು ಕಾಲದ ಸೀನಿಯರ್ | ಮೇ 10, ಮಧ್ಯಾಹ್ನ 1:20

ನಾನು ಆ ಮೇಜಿನ ಆಚೆ ಬದಿ ಕುಳಿತಿದ್ದವನು. ಒಂದು ದೊಡ್ಡ ಫರ್ಮಿನಲ್ಲಿ ಆರು ವರ್ಷ ಇದ್ದೆ. ಈಗ ಕಂಪನಿಯೊಂದರ ಹಣಕಾಸು ವಿಭಾಗದಲ್ಲಿದ್ದೇನೆ. ‘ಈಗ ಟಿಕ್ ಹಾಕು, ಆಮೇಲೆ ನೋಡೋಣ’ ಎಂಬ ಮಾತನ್ನು ನಾನೂ ಒಬ್ಬ ಆರ್ಟಿಕಲ್‌ಗೆ ಹೇಳಿದ್ದೇನೆ. ಅವಳು ಹಾಕಿದಳು. ಬಿಲ್ಲುಗಳು ಆಮೇಲೆ ಬಂದವು, ಎಲ್ಲವೂ ಸರಿಯಾಗಿದ್ದವು. ಆದರೂ ಇವತ್ತಿಗೂ ಆ ಸಂಜೆ ನನಗೆ ನೆನಪಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ ಆಮೇಲೆ ಪರದೆಯ ಕಡೆ ತಿರುಗಿದಳು. ಹುಡುಗಿಗೆ ನಾನು ಅಂದು ಕಲಿಸಿದ್ದು ಏನು ಎಂದು ಬಹಳ ಸಲ ಯೋಚಿಸಿದ್ದೇನೆ.

ಸೀನಿಯರ್ ಪರಿಸ್ಥಿತಿ ಹೇಗಿರುತ್ತದೆ ಎಂದು ಗೊತ್ತಿರಲಿ. ಲಿಸ್ಟೆಡ್ ಕಂಪನಿ ವರ್ಷಾಂತ್ಯದ ಫಲಿತಾಂಶವನ್ನು 60 ದಿನದೊಳಗೆ, ಎಂದರೆ ಮೇ 30ರೊಳಗೆ ಕೊಡಬೇಕು. ಪ್ರತಿ ಆಡಿಟ್‌ಗೂ ಇಷ್ಟು ಗಂಟೆ ಎಂದು ಮೊದಲೇ ನಿಗದಿಯಾಗಿರುತ್ತದೆ. ಕ್ಲೈಂಟ್ ದಾಖಲೆ ತಡ ಮಾಡಿದರೂ ಆ ಗಂಟೆ ಹೆಚ್ಚಾಗುವುದಿಲ್ಲ. ಮೇಲಿನಿಂದ ಮ್ಯಾನೇಜರ್, ಎದುರಿನಿಂದ ಕ್ಲೈಂಟ್, ಮಧ್ಯೆ ಇಪ್ಪತ್ತೈದು ವರ್ಷದ ಒಬ್ಬ ಸೀನಿಯರ್. ಅವರ ತಪ್ಪನ್ನು ಸಮರ್ಥಿಸುತ್ತಿಲ್ಲ. ‘ಇಷ್ಟು ಮೊತ್ತ ಬಾಕಿ’ ಎಂದು ನೀವು ಅಂಕಿ ಸಮೇತ ಬರೆದುಕೊಟ್ಟರೆ ಅವರಿಗೂ ಮ್ಯಾನೇಜರ್ ಮುಂದೆ, ಮ್ಯಾನೇಜರ್‌ಗೆ ಕ್ಲೈಂಟಿನ ಸಿಎಫ್‌ಒ (ಹಣಕಾಸು ಮುಖ್ಯಸ್ಥರು) ಮುಂದೆ ಮಾತಾಡಲು ಒಂದು ಆಧಾರ ಸಿಗುತ್ತದೆ. ಖಾಲಿ ಸಾಲು ಹಿಡಿದುಕೊಂಡು ಯಾರೂ ಜಗಳ ಆಡಲಾರರು.

ಇನ್ನೊಂದು ಮಾತು. ಆರ್ಟಿಕಲ್‌ಗಳಿಗೆ ಕೊಡುವ ಕೆಲಸ ಚಿಕ್ಕದೆಂದು ಕಾಣುತ್ತದೆ: ಪತ್ರ ಕಳಿಸು, ಉತ್ತರ ಬಂತೇ ನೋಡು, ಶೀಟ್ ತುಂಬು. ಹೈದರಾಬಾದಿನ ಸತ್ಯಂ ಸಾಫ್ಟ್‌ವೇರ್ ಕಂಪನಿಯ ವಿಷಯ ಓದಿದ್ದೀರಾ? 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷರೇ ಬರೆದ ಪತ್ರದ ಪ್ರಕಾರ, ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ಇರಲೇ ಇಲ್ಲ. ಬ್ಯಾಂಕಿನಿಂದ ಬಾಕಿ ದೃಢೀಕರಣ ತರಿಸಿಕೊಳ್ಳುವುದು ಆಡಿಟ್‌ನ ಅತ್ಯಂತ ಹಳೆಯ, ಅತ್ಯಂತ ಸರಳ ಕೆಲಸ. ಆಡಿಟರ್‌ಗಳು ಆ ಪತ್ರಗಳನ್ನು ಕಳಿಸುವ, ಪಡೆಯುವ ಹತೋಟಿಯನ್ನು ಕಂಪನಿಯ ಕೈಗೇ ಬಿಟ್ಟಿದ್ದರು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2011ರಲ್ಲಿ ಹೇಳಿತು. ದೃಢೀಕರಣ ಪತ್ರವನ್ನು ಆಡಿಟರ್ ತಾನೇ ಕಳಿಸಬೇಕು, ಉತ್ತರ ನೇರವಾಗಿ ಆಡಿಟರ್‌ಗೇ ಬರಬೇಕು ಎಂದು ಎಸ್‌ಎ 505 ಹಟ ಹಿಡಿಯುವುದು ಸುಮ್ಮನೆ ಅಲ್ಲ. ಆ ಲಕೋಟೆ ಯಾರ ಕೈಯಲ್ಲಿರುತ್ತದೆ? ಹೆಚ್ಚಾಗಿ ಮೊದಲ ವರ್ಷದ ಆರ್ಟಿಕಲ್ ಕೈಯಲ್ಲಿ.

ಇಂಟರ್ ಫಲಿತಾಂಶಕ್ಕೆ ಕಾಯುತ್ತಿರುವೆ | ಮೇ 10, ಸಂಜೆ 5:30

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಈ ಸಲ ಎರಡೂ ಗ್ರೂಪ್ ಆದರೆ ನಾನೂ ದೊಡ್ಡ ಫರ್ಮಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಸ್ಟೈಪೆಂಡ್ ಎಷ್ಟು ಬರುತ್ತದೆ? ಎಷ್ಟು ಗಂಟೆ ಕೆಲಸ? ರಜೆ ಸಿಗುತ್ತದೆಯೇ?

ತುಂಗಾತೀರದವನು | ಮೇ 10, ರಾತ್ರಿ 10:50

ಎಲ್ಲರಿಗೂ ಧನ್ಯವಾದ. ಟಿಕ್ ಹಾಕಲಿಲ್ಲ. ಲೆಕ್ಕಿಗ ಸರ್ ಹೇಳಿದಂತೆ ಬರೆದು ತೋರಿಸಿದೆ. ಸೀನಿಯರ್ ಏನೂ ಮಾತಾಡದೆ ಶೀಟನ್ನು ತಮಗೆ ಕಳಿಸು ಎಂದರು, ಅಷ್ಟೇ. ಮುಂದೆ ಏನಾಗುತ್ತದೋ ನೋಡಬೇಕು. ನಾಳೆ ಶಾರದೆ ಮೇಡಂ ಹೇಳಿದ ದಾಖಲೆಗಳನ್ನು ಹುಡುಕುತ್ತೇನೆ.

ಸ್ಟೈಪೆಂಡ್ ಕೇಳಿದವರಿಗೆ: ಊರಿನ ಜನಸಂಖ್ಯೆಯ ಮೇಲೆ ಸಿಎ ಸಂಸ್ಥೆ (ಐಸಿಎಐ) ಕನಿಷ್ಠ ಮೊತ್ತ ನಿಗದಿ ಮಾಡಿದೆ. ದೊಡ್ಡ ಫರ್ಮುಗಳು ಅದಕ್ಕಿಂತ ಹೆಚ್ಚೇ ಕೊಡುತ್ತವೆ. ನನಗೆ 15,000 ಬರುತ್ತದೆ. ಪಿಜಿಗೆ 8,500 ಹೋಗುತ್ತದೆ, ಬಸ್ ಪಾಸು, ಊಟ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಮನೆಗೆ ಹಣ ಕಳಿಸುವ ಯೋಚನೆ ಇದ್ದರೆ ಬೇಡ. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ದಿನ ರಜೆ. ತರಬೇತಿ ಎರಡು ವರ್ಷ, ಅದು ಮುಗಿದು ಆರು ತಿಂಗಳಾದ ಮೇಲೆ ಫೈನಲ್ ಪರೀಕ್ಷೆ. ಗಂಟೆ ಬಗ್ಗೆ ನಿಜ ಹೇಳಬೇಕೆಂದರೆ, ಸಂಸ್ಥೆಯ ಮಾತಿನಲ್ಲಿ ವಾರಕ್ಕೆ 35. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ಅದರ ಹತ್ತಿರ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಹತ್ತಕ್ಕೆ ಹೊರಟರೆ ಬೇಗ ಹೊರಟಂತೆ.

ಒಂದು ಕಾಲದ ಸೀನಿಯರ್ | ಮೇ 10, ರಾತ್ರಿ 11:15

ಇದಕ್ಕೆ ಒಂದು ಮಾತು ಸೇರಿಸಲೇಬೇಕು. ಟೈಮ್‌ಶೀಟಿನಲ್ಲಿ ನಿಜವಾದ ಗಂಟೆ ಬರೆಯಿರಿ. ಹನ್ನೆರಡು ಗಂಟೆ ಕೆಲಸ ಮಾಡಿ ಎಂಟು ಎಂದು ಬರೆಯುವ ಚಾಳಿ ಎಲ್ಲ ಕಡೆ ಇದೆ. ಮುಂದಿನ ವರ್ಷ ಆ ಆಡಿಟ್‌ಗೆ ಗಂಟೆ ನಿಗದಿಯಾಗುವುದು ಈ ವರ್ಷ ನೀವು ಬರೆದ ಸುಳ್ಳಿನ ಮೇಲೆ. ಆಗ ಬರುವ ಹುಡುಗನಿಗೂ ಇದೇ ಗತಿ.

ಉಡುಪಿಯ ಆರ್ಟಿಕಲ್ | ಮೇ 11, ಬೆಳಿಗ್ಗೆ 8:40

ದೊಡ್ಡ ಫರ್ಮ್ ಒಂದೇ ದಾರಿ ಎಂದು ಹೊಸಬರು ತಿಳಿಯಬಾರದು. ನಮ್ಮದು ಇಬ್ಬರು ಪಾರ್ಟ್‌ನರ್‌ಗಳ ಫರ್ಮ್, ಆರ್ಟಿಕಲ್‌ಗಳು ಆರು ಜನ. ದೊಡ್ಡ ಫರ್ಮಿನ ಗೆಳತಿ ಹನ್ನೊಂದು ತಿಂಗಳಿಂದ ಒಂದೇ ಕಂಪನಿಯ ಸ್ಥಿರಾಸ್ತಿ ಶೀಟ್ ನೋಡುತ್ತಿದ್ದಾಳೆ. ನಾನು ಅಷ್ಟರಲ್ಲಿ ಗೋಡಂಬಿ ಕಾರ್ಖಾನೆ, ಸಹಕಾರಿ ಸಂಘ, ದೇವಸ್ಥಾನದ ಟ್ರಸ್ಟ್, ಮೀನು ರಫ್ತಿನ ಘಟಕ ಎಲ್ಲವನ್ನೂ ನೋಡಿದೆ. ಹಾಗೆಂದು ಅವಳಿಗೆ ಗೊತ್ತಿರುವ ಇಂಡ್ ಎಎಸ್ (ದೊಡ್ಡ ಕಂಪನಿಗಳ ಲೆಕ್ಕ ಮಾನದಂಡ) ನನಗೆ ಗೊತ್ತಿಲ್ಲ, ಒಪ್ಪುತ್ತೇನೆ.

ನನಗೆ ಬಹಳ ಇಷ್ಟವಾದದ್ದು ಏಪ್ರಿಲ್ ಮೊದಲ ವಾರದ ಬ್ಯಾಂಕ್ ಶಾಖೆಗಳ ಆಡಿಟ್. ನಮ್ಮ ಕರಾವಳಿ ಬ್ಯಾಂಕುಗಳ ತವರು. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಈಗ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದರೂ ನಮ್ಮ ಸರ್ ಶಾಖೆಗಳನ್ನು ಹಳೆಯ ಹೆಸರಿನಲ್ಲೇ ಕರೆಯುತ್ತಾರೆ. ಈ ಸಲ ಘಟ್ಟದ ಬುಡದ ಒಂದು ಶಾಖೆಗೆ ಹೋಗಿದ್ದೆವು. ಕೃಷಿ ಸಾಲ, ಚಿನ್ನದ ಸಾಲ, ಎರಡು ಮೂರು ಗಿರಣಿಗಳ ಸಾಲ. ಬೆಳೆ ಸಾಲ ಬಿಟ್ಟರೆ, 90 ದಿನ ಮೀರಿ ಬಾಕಿ ಉಳಿದ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಮಾರ್ಚ್ ಕೊನೆಯ ಎರಡು ದಿನಗಳಲ್ಲಿ ಕೆಲವು ಖಾತೆಗಳಿಗೆ ದಿಢೀರನೆ ಹಣ ಬಂದಿತ್ತು. ‘ಆ ಹಣ ಎಲ್ಲಿಂದ ಬಂತು, ಏಪ್ರಿಲ್ ಮೊದಲ ವಾರ ಎಲ್ಲಿಗೆ ಹೋಯಿತು, ಎರಡನ್ನೂ ನೋಡು’ ಎಂದು ಸರ್ ಹೇಳಿ, ನನ್ನನ್ನು ಕೂರಿಸಿ ಪಕ್ಕದ ಮೇಜಿಗೆ ಹೋದರು. ಒಂದು ಖಾತೆಗೆ 31ರಂದು ಬಂದ ಹಣ 3ರಂದು ಅದೇ ಕುಟುಂಬದ ಇನ್ನೊಂದು ಸಾಲ ಖಾತೆಯ ಮೂಲಕ ವಾಪಸು ಹೋಗಿತ್ತು. ಅದನ್ನು ನಾನೇ ಕಂಡುಹಿಡಿದೆ. ಆ ಖಾತೆಯನ್ನು ಎನ್‌ಪಿಎ ಮಾಡಿಸಿ ಊಟಕ್ಕೆ ಹೊರಟಾಗ ಸರ್ ನನಗೂ ಒಂದು ಖುರ್ಚಿ ಎಳೆದು ಕೊಟ್ಟರು. ಪಾರ್ಟ್‌ನರ್ ಪಕ್ಕದಲ್ಲಿ ಕುಳಿತು ಕೆಲಸ ಕಲಿಯುವ ಭಾಗ್ಯ ದೊಡ್ಡ ಫರ್ಮಿನಲ್ಲಿ ಎಷ್ಟು ಜನರಿಗಿದೆ?

ರಾಯಚೂರಿನವಳು | ಮೇ 12, ರಾತ್ರಿ 9:10

ನಾನು ದೊಡ್ಡ ಫರ್ಮಿನಲ್ಲೇ ಎರಡನೇ ವರ್ಷ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿಯವರೆಗೆ ಓದಿದವಳು. ಸೇರಿದ ಹೊಸತರಲ್ಲಿ ಮೇಲ್ ಬರೆಯಲು ಅರ್ಧ ಗಂಟೆ ಬೇಕಾಗುತ್ತಿತ್ತು, ಕರೆಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಈ ಚರ್ಚೆ ಓದುವ ನನ್ನಂಥವರಿಗೆ ಒಂದು ವಿಷಯ ಹೇಳಬೇಕು.

ಕಳೆದ ವರ್ಷ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮಾರ್ಚ್ ಕೊನೆಯ ಮಾರಾಟ ಪರಿಶೀಲಿಸುತ್ತಿದ್ದೆವು. ಬಿಲ್ಲು, ಇ-ವೇ ಬಿಲ್ಲು ಎಲ್ಲ ಸರಿಯಾಗಿತ್ತು. ನಮ್ಮ ತಂಡದಲ್ಲಿ ಕನ್ನಡ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಗೇಟಿನಲ್ಲಿ ಕಾವಲಿಗಿದ್ದ ಅಜ್ಜ ಒಂದು ಉದ್ದನೆಯ ಪುಸ್ತಕ ಇಟ್ಟಿದ್ದರು. ಗಾಡಿ ಸಂಖ್ಯೆ, ಹೊತ್ತು, ಸರಕು ಎಲ್ಲ ಕನ್ನಡದಲ್ಲಿ, ಅಂಕಿಯೂ ಕನ್ನಡದ್ದೇ. ಹಿಂದಿನ ವರ್ಷದ ಕಡತದಲ್ಲಿ ಆ ಪುಸ್ತಕದ ಪ್ರಸ್ತಾಪವೇ ಇರಲಿಲ್ಲ. ಚಹಾ ಕುಡಿಯುತ್ತ ಅಜ್ಜನ ಪಕ್ಕ ಕುಳಿತು ಪುಟ ತಿರುವಿದೆ. ಮಾರ್ಚ್ 30ರ ರಾತ್ರಿ ಹೊರಟ ಎರಡು ಲಾರಿಗಳ ಸಂಖ್ಯೆ ಏಪ್ರಿಲ್ 2ರ ಪುಟದಲ್ಲಿ ಮತ್ತೆ ಇತ್ತು. ಪಕ್ಕದಲ್ಲಿ ‘ಮಾಲು ಇಳಿಸಿಲ್ಲ, ವಾಪಸ್’ ಎಂದು ಬರೆದಿತ್ತು. ‘ಇದು ಯಾಕೆ ಅಜ್ಜ?’ ಎಂದೆ. ‘ಪ್ರತಿ ವರ್ಷ ಈ ಹೊತ್ತಿಗೆ ಒಂದೆರಡು ಹೀಗೆ ಬರುತ್ತವೆ ತಾಯಿ’ ಎಂದರು.

ಆ ಮಾರಾಟವನ್ನು ಕಂಪನಿ ಮಾರ್ಚ್ ಲೆಕ್ಕದಿಂದ ತೆಗೆಯಬೇಕಾಯಿತು. ಮ್ಯಾನೇಜರ್ ನನ್ನನ್ನು ಕರೆದು ಆ ಪುಸ್ತಕದ ಬಗ್ಗೆ ತಂಡಕ್ಕೆಲ್ಲ ವಿವರಿಸಲು ಹೇಳಿದರು. ನನ್ನ ಹರುಕು ಇಂಗ್ಲಿಷಿನಲ್ಲೇ ಹೇಳಿದೆ, ಎಲ್ಲರಿಗೂ ಅರ್ಥವಾಯಿತು. ಮೇಲ್ ಬರೆಯುವ ಇಂಗ್ಲಿಷ್ ಆರು ತಿಂಗಳಲ್ಲಿ ಬರುತ್ತದೆ, ಅಂಜಬೇಡಿ.

ವಾಸ್ತವವಾದಿ | ಮೇ 12, ರಾತ್ರಿ 9:45

ಇದನ್ನು ಓದಿ ಸಂತೋಷವಾಯಿತು. ನಾನು ಮೊದಲು ಬರೆದದ್ದು ನನ್ನದೇ ಕಹಿ ಅನುಭವದಿಂದ. ಹೀಗೆ ಪ್ರಶ್ನೆ ಕೇಳಿದ್ದಕ್ಕೆ ನನ್ನನ್ನು ನಾಲ್ಕು ತಿಂಗಳು ಕಚೇರಿಯಲ್ಲಿ ಸ್ಕ್ಯಾನ್ ಮಾಡಲು ಕೂರಿಸಿದ್ದರು. ಆಗ ಬೆನ್ನಿಗೆ ನಿಲ್ಲುವವರು ಯಾರೂ ಇರಲಿಲ್ಲ. ‘ಟಿಕ್ ಹಾಕಿ ಮಲಗಿ’ ಎಂದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ತುಂಗಾತೀರದವರೇ, ಮೇಲ್‌ಗಳನ್ನು ಮಾತ್ರ ಅಳಿಸಬೇಡಿ.

ಕೃಷ್ಣಾ ಬಯಲಿನ ಹಿರಿಯ | ಮೇ 13, ಬೆಳಿಗ್ಗೆ 5:50

ನಾನು ಆರ್ಟಿಕಲ್ ಆಗಿ ಸೇರಿದ್ದು 1984ರಲ್ಲಿ. ಈಗ ಪ್ರಾಕ್ಟೀಸ್ ಬಿಟ್ಟು ಮೊಮ್ಮಕ್ಕಳ ಜೊತೆ ಇದ್ದೇನೆ. ಮೊಬೈಲಿನಲ್ಲಿ ಬರೆಯುವುದು ನಿಧಾನ, ಆದರೂ ಇದೊಂದನ್ನು ಬರೆಯಬೇಕು ಎನಿಸಿತು.

ಮೊದಲ ವರ್ಷವೇ ನನ್ನನ್ನು ಒಂದು ಸಕ್ಕರೆ ಕಾರ್ಖಾನೆಗೆ ದಾಸ್ತಾನು ಎಣಿಸಲು ಕಳಿಸಿದ್ದರು. ಆಗ ನೂರು ಕೆಜಿಯ ಗೋಣಿಚೀಲ. ಗೋದಾಮಿನಲ್ಲಿ ಒಂದೊಂದು ಅಟ್ಟಿಯೂ ಮನೆಯಷ್ಟು ದೊಡ್ಡದು. ಅಗಲಕ್ಕೆ 12, ಉದ್ದಕ್ಕೆ 30, ಎತ್ತರಕ್ಕೆ 18. ಗುಣಿಸಿದರೆ 6,480 ಚೀಲ, ಅಷ್ಟೇ ಕ್ವಿಂಟಲ್. ಗೋದಾಮಿನ ಗುಮಾಸ್ತರು ಮುಂದಿನ ಸಾಲು ಎಣಿಸಿ ತೋರಿಸಿದರು, ಪುಸ್ತಕದಲ್ಲಿಯೂ 6,480. ಬ್ಯಾಂಕಿನವರು ಪ್ರತಿ ತಿಂಗಳು ಬಂದು ಹೀಗೇ ಎಣಿಸಿ ಸಹಿ ಮಾಡಿದ್ದ ಹಾಳೆಯನ್ನೂ ತೋರಿಸಿದರು. ನಾನು ಬರೆದುಕೊಂಡೆ.

ಹೊರಗೆ ಬಂದಾಗ ಜೊತೆಗಿದ್ದ ನಮ್ಮ ಸೀನಿಯರ್, ‘ಮೇಲೆ ಹತ್ತಿ ನೋಡಿದೆಯಾ?’ ಎಂದರು. ಇಲ್ಲ ಎಂದೆ. ‘ಹಾಗಾದರೆ ನೀನು ನೋಡಿದ್ದು ಗೋಡೆಯನ್ನು, ಅಟ್ಟಿಯನ್ನಲ್ಲ’ ಎಂದು ವಾಪಸು ಕಳಿಸಿದರು. ಹಮಾಲರೊಬ್ಬರು ಕೈಕೊಟ್ಟು ಹತ್ತಿಸಿದರು. ಮೇಲೆ ತಗಡಿನ ಕಾವು, ಬೆಲ್ಲದಂಥ ವಾಸನೆ, ಕಾಲಿಟ್ಟಲ್ಲೆಲ್ಲ ಜಾರಿಕೆ. ನಡುವೆ ಐದು ಚೀಲ ಅಗಲ, ಹದಿನಾಲ್ಕು ಚೀಲ ಉದ್ದದ ಹಳ್ಳ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ, ಹತ್ತು ಚೀಲದ ಆಳ. ಏಳು ನೂರು ಚೀಲ ಇಲ್ಲ. ಹಿಂದಿನ ಮಳೆಗಾಲದಲ್ಲಿ ಸೂರು ಸೋರಿ ನೆನೆದ ಚೀಲಗಳನ್ನು ತೆಗೆದಿದ್ದರಂತೆ. ತೆಗೆದದ್ದು ಪುಸ್ತಕಕ್ಕೆ ಬಂದಿರಲಿಲ್ಲ. ಆ ಚೀಲಗಳ ಮೇಲೂ ಬ್ಯಾಂಕಿನ ಸಾಲ ಇತ್ತು.

ನನ್ನ ಹಾಳೆಯಲ್ಲಿ 6,480ನ್ನು ಹೊಡೆದು 5,780 ಎಂದು ಬರೆದೆ. ಸೀನಿಯರ್ ಅದರ ಕೆಳಗೆ ಸಹಿ ಮಾಡಿ, ‘ಈಗ ಊಟಕ್ಕೆ ಹೋಗೋಣ’ ಎಂದರು.

ತುಂಗಾತೀರದವನು | ಮೇ 24, ಸಂಜೆ 7:30

ತಡವಾಗಿ ಬರೆಯುತ್ತಿದ್ದೇನೆ. 20ಕ್ಕೆ ವರದಿಗೆ ಸಹಿ ಆಯಿತು. ಆಮೇಲೆ ಎರಡು ದಿನ ನಿದ್ದೆ ಮಾಡಿದೆ.

ಆ ಒಂಬತ್ತರ ಕಥೆ ಹೇಳಬೇಕು. ನಾನು ಬರೆದುಕೊಟ್ಟ ಶೀಟನ್ನು ಸೀನಿಯರ್ ಹಾಗೆಯೇ ಮ್ಯಾನೇಜರ್‌ಗೆ ಕಳಿಸಿದ್ದರು. ಮ್ಯಾನೇಜರ್ ಮೇಡಂ ಮಧ್ಯಾಹ್ನವೇ ಕ್ಲೈಂಟಿನ ಸಿಎಫ್‌ಒಗೆ ಫೋನ್ ಮಾಡಿದರು. ನಾಲ್ಕು ಮೇಲ್‌ಗೆ ಬಾರದಿದ್ದ ಬಿಲ್ಲುಗಳಲ್ಲಿ ಐದು ಮರುದಿನ ಬೆಳಿಗ್ಗೆಯೇ ಬಂದವು. ಐದೂ ಸರಿಯಾಗಿದ್ದವು. ಉಳಿದ ನಾಲ್ಕಕ್ಕೆ ಕಾರ್ಖಾನೆಯ ಒಳಗೆ ಹೋದೆ. ನಿರ್ವಹಣಾ ವಿಭಾಗದ ಮೇಲ್ವಿಚಾರಕರು ಹಾಸನದ ಕಡೆಯವರು. ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಎರಡು ವರ್ಷದ ಜಾಬ್ ಕಾರ್ಡ್ ಕಟ್ಟುಗಳನ್ನು ಮೇಜಿನ ಮೇಲೆ ಇಟ್ಟರು. ಎರಡಕ್ಕೆ ಜಾಬ್ ಕಾರ್ಡ್, 2ಬಿ, ಬ್ಯಾಂಕ್ ಪಾವತಿ ಮೂರೂ ತಾಳೆಯಾದವು.

ಎಂಟನೆಯದು ಕೂಲಿಂಗ್ ಟವರ್ ದುರಸ್ತಿ. ಲೆಕ್ಕದಲ್ಲಿ ಮಾರ್ಚ್ 29. ಜಾಬ್ ಕಾರ್ಡಿನಲ್ಲಿ ಕೆಲಸ ಶುರುವಾದದ್ದೇ ಏಪ್ರಿಲ್ 6. ಒಂಬತ್ತನೆಯದಕ್ಕೆ ಬಿಲ್ಲೂ ಇಲ್ಲ, ಕೆಲಸವೂ ಇಲ್ಲ. ಅಂದಾಜಿನ ಮೇಲೆ ಮಾರ್ಚ್‌ನಲ್ಲಿ ಹಾಕಿ ಏಪ್ರಿಲ್‌ನಲ್ಲಿ ತಿರುಗಿಸಿದ ನಮೂದು. ಎರಡೂ ಸೇರಿ ದೊಡ್ಡ ಮೊತ್ತವಲ್ಲ, ಇಡೀ ಲೆಡ್ಜರಿಗೆ ಹಿಗ್ಗಿಸಿ ನೋಡಿದರೂ, ಎಷ್ಟರವರೆಗಿನ ತಪ್ಪು ನಡೆಯುತ್ತದೆ ಎಂದು ನಾವು ಹಾಕಿಕೊಂಡ ಮಿತಿಯೊಳಗೇ ಇತ್ತು. ಕಂಪನಿ ತಿದ್ದಲು ಒಪ್ಪಲಿಲ್ಲ. ಆಗ ಅವು ತಿದ್ದದ ತಪ್ಪುಗಳ ಪಟ್ಟಿ ಸೇರಿ ಆಡಿಟ್ ಸಮಿತಿಯ ಮುಂದೆ ಹೋದವು. ಇದನ್ನು ಹೇಳುವ ಎಸ್‌ಎ 450ನ್ನು ಪುಸ್ತಕದಲ್ಲಿ ಓದಿದ್ದೆ. ನಾನು ಹುಡುಕಿದ ಎರಡು ಸಾಲು ಆ ಪಟ್ಟಿಯಲ್ಲಿ ಆರು, ಏಳನೇ ಕ್ರಮಾಂಕದಲ್ಲಿ ಇದ್ದದ್ದನ್ನು ನೋಡಿದಾಗ ಆದ ಸಂತೋಷ ಹೇಳಲು ಬರುವುದಿಲ್ಲ. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಮಂಡಿಯಲ್ಲಿ ಚೀಲದ ಬಾಯಿಗೆ ಒಳ್ಳೆಯ ಅಡಿಕೆ ಇಟ್ಟವರ ಚೀಲವನ್ನು ಬುಡದವರೆಗೂ ಸುರಿಸಿ ನೋಡುತ್ತಾರೆ ಎಂದರು. ಅವರಿಗೆ ನನ್ನ ಕೆಲಸ ಅರ್ಥವಾಗಿತ್ತು.

ಸೀನಿಯರ್ ಮೂರು ನಾಲ್ಕು ದಿನ ಬಿಗುವಾಗಿಯೇ ಇದ್ದರು, ಮುಚ್ಚಿಡುವುದಿಲ್ಲ. ಸಹಿ ಆದ ಸಂಜೆ ಕ್ಯಾಬಿನಲ್ಲಿ ಬರುವಾಗ, ‘ಅವತ್ತು ನಾನು ಹಾಗೆ ಹೇಳಬಾರದಿತ್ತು’ ಎಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸಿಲ್ಕ್ ಬೋರ್ಡ್ ದಾಟುವವರೆಗೆ ಇಬ್ಬರೂ ಸುಮ್ಮನಿದ್ದೆವು.

ಹುಬ್ಬಳ್ಳಿಯ ಲೆಕ್ಕಿಗ | ಮೇ 24, ರಾತ್ರಿ 8:05

ಹಾಗೆ ಹೇಳುವ ಸೀನಿಯರ್ ಸಿಕ್ಕಿದ್ದಾರೆ, ಅವರನ್ನು ಬಿಡಬೇಡಿ ತಮ್ಮಾ. ಅವರಿಂದ ಇನ್ನೂ ಕಲಿಯುವುದಿದೆ.

ತುಂಗಾತೀರದವನು | ಜೂನ್ 27, ರಾತ್ರಿ 9:20

ಇದೇ ಚರ್ಚೆಯಲ್ಲಿ ಇನ್ನೊಂದು ಪ್ರಶ್ನೆ, ಹಿರಿಯರು ಬೇಸರಿಸಬಾರದು. 30ನೇ ತಾರೀಖು ದಾಬಸ್‌ಪೇಟೆಯ ಒಂದು ಗೋದಾಮಿಗೆ ದಾಸ್ತಾನು ಎಣಿಕೆಗೆ ಹೋಗುತ್ತಿದ್ದೇನೆ. ಈ ಸಲ ಒಬ್ಬನೇ. ಹೋಗುವ ಮುಂಚೆ ಏನು ಸಿದ್ಧ ಮಾಡಿಕೊಳ್ಳಬೇಕು?

ಕೃಷ್ಣಾ ಬಯಲಿನ ಹಿರಿಯ | ಜೂನ್ 28, ಬೆಳಿಗ್ಗೆ 5:40

ಎಣಿಕೆ ಶುರುವಾಗುವ ಮೊದಲು ಕೊನೆಯ ಸರಕು ರಸೀದಿಯ ಸಂಖ್ಯೆ, ಕೊನೆಯ ರವಾನೆ ಚಲನ್ ಸಂಖ್ಯೆ ಬರೆದುಕೊಳ್ಳಿ, ಎಣಿಕೆ ಮುಗಿಯುವವರೆಗೆ ಗಾಡಿ ಒಳಗೆ ಹೊರಗೆ ಆಗದಂತೆ ಕೇಳಿಕೊಳ್ಳಿ. ಪುಸ್ತಕದಿಂದ ನೆಲಕ್ಕೆ ಒಂದಿಷ್ಟು, ನೆಲದಿಂದ ಪುಸ್ತಕಕ್ಕೆ ಒಂದಿಷ್ಟು ನೋಡಿ. ಪೆಟ್ಟಿಗೆಗಳಾಗಿದ್ದರೆ ನೀವೇ ಬೆರಳು ತೋರಿಸಿ ನಾಲ್ಕನ್ನು ಬಿಚ್ಚಿಸಿ, ಅವರು ತೋರಿಸಿದ್ದನ್ನಲ್ಲ. ಮೂಲೆಯಲ್ಲಿ ಧೂಳು ಹಿಡಿದದ್ದು ಏನು, ಎಷ್ಟು ದಿನದಿಂದ ಇದೆ ಎಂದು ಕೇಳಿ. ಟಾರ್ಚ್ ಒಯ್ಯಿರಿ. ಚಪ್ಪಲಿಯಲ್ಲ, ಜಾರದ ಬೂಟು ಹಾಕಿಕೊಳ್ಳಿ.

ತುಂಗಾತೀರದವನು | ಜೂನ್ 28, ಬೆಳಿಗ್ಗೆ 10:15

ಟಾರ್ಚ್ ತೆಗೆದುಕೊಂಡೆ ಸರ್. ಏಣಿ ಇದೆಯೇ ಎಂದು ಗೋದಾಮಿನವರಿಗೆ ಈಗ ತಾನೇ ಫೋನ್ ಮಾಡಿ ಕೇಳಿದೆ. ‘ಇದುವರೆಗೆ ಯಾರೂ ಕೇಳಿರಲಿಲ್ಲ, ತರಿಸಿಡುತ್ತೇವೆ’ ಎಂದರು.